ಕೈಗೇ ಕೊಟ್ಟ ಚಾಕು

ಇವತ್ತು ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಆಫೀಸಿಗೆ ಬಣ್ಣದ ಸ್ಯಾಂಪಲ್ಲಿನ ಪೆಟ್ಟಿಗೆ ಬಂತು. ಸೊಂಟದ ಚಾಕು ತೆಗೆದು ಟೇಪು ಕೊಯ್ದೆ. ಪಕ್ಕದ ಮೇಜಿನ ಜಿಗ್ನೇಶಭಾಯಿ ಮೂಗರಳಿಸಿ, "ಅರೇ ಯಾರ್, ಮರ್ಚಾಂನೀ ವಾಸ್ ಆವೇ ಛೇ!" ಅಂದ. ಮೆಣಸಿನಕಾಯಿ ವಾಸನೆಯಂತೆ. ಹೌದು, ಆ ವಾಸನೆಗೊಂದು ಕಥೆಯಿದೆ. ಕೇಳಿ, ನನ್ನ ಮಾನ ಹೋಗುವ ಕಥೆಯೇ.

ಚಾಕು ಎಂದರೆ ಸೇಬು ಕೊಯ್ಯುವುದನ್ನು ನೆನೆಯಬೇಡಿ. ಇದು ಹೊರದೇಶದ್ದು, ಮಡಚದ್ದು. ಬೆರಳುದ್ದದ ಅಲಗು, ಒರೆಸಿದಷ್ಟೂ ಹೊಳೆಯುವ ಯಾವುದೋ ಮರದ ಹಿಡಿ, ತೊಗಲಿನ ಒರೆ. ನನ್ನ ಮೊದಲ ಬೋನಸ್ಸು ಪೂರ್ತಿ ಇದಕ್ಕೇ ಹೋಯಿತು. ನಾನು ಈವರೆಗೆ ಎದುರಿಸಿದ ಅತಿ ದೊಡ್ಡ ಶತ್ರು ಕೊರಿಯರ್ ಟೇಪು. ಆದರೂ ನಡೆಯುವಾಗ ಷರಟಿನ ಅಂಚನ್ನು ಸ್ವಲ್ಪ ಮೇಲೆ ಸರಿಸಿಕೊಳ್ಳುತ್ತಿದ್ದೆ, ಜನ ನೋಡಲಿ ಎಂದು.

ವರಾಛಾ ಬಡಾವಣೆಯಲ್ಲಿ ನಮ್ಮಪ್ಪನ ಉಡುಪಿ ಹೋಟೆಲು. ವಜ್ರ ಉಜ್ಜುವವರು ಕೆಲಸಕ್ಕೆ ಹೋಗುವ ಮುಂಚೆ ಇಲ್ಲಿ ದೋಸೆ ತಿನ್ನುತ್ತಾರೆ. ಅಡುಗೆಯ ಶೀನಣ್ಣ ನಾನು ಹುಟ್ಟುವ ಮೊದಲೇ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದವರು. ನಾನು ಕಲಿತ ಮೊದಲ ಅಣಕವೇ ಅವರದು: ಮೂಗಿನಲ್ಲಿ ಮಾತು, ಹೆಗಲ ಮೇಲೆ ಕೈ ಒರೆಸುವ ಬೈರಾಸು, ಮತ್ತೆ ಆ ಕೂಗು, "ಕೈಗೆ ಕೊಡ್ಬೇಡ, ಕೆಳಗಿಡು! ಜಗಳ ಬರ್ತದೆ!" ಚಾಕು, ಕತ್ತಿ ಏನಿದ್ದರೂ ಕೈಯಿಂದ ಕೈಗೆ ದಾಟಬಾರದು. ಒಬ್ಬರು ಇಡಬೇಕು, ಇನ್ನೊಬ್ಬರು ಎತ್ತಬೇಕು. ಅಪ್ಪನೂ ಈ ನಿಯಮ ಮೀರಿದ್ದಿಲ್ಲ.

ಕಳೆದ ವರ್ಷ ಒಂದು ದಿನ ಶೀನಣ್ಣ ತಾವಾಗಿಯೇ ಕೇಳಿದರು. "ನಿನ್ನ ಆ ಆಟದ ಸಾಮಾನು ಕೊಡು ಮಾರಾಯ, ಮೆಣಸು ಹೆಚ್ಚಿ ನೋಡುವ. ದೊಡ್ಡ ಚಾಕು ಯಾಕೋ ಭಾರ."

ಸ್ಟೀಲು ಮೇಜಿನ ಮೇಲೆ ಇಟ್ಟೆ. ಅವರ ಬೆರಳು ಹಿಡಿಯ ಮೇಲೆ ಜಾರಿತು. ಮತ್ತೆ ಜಾರಿತು. ನನ್ನ ದುಬಾರಿ ಚಾಕುವನ್ನು ಗೇಲಿ ಮಾಡುತ್ತಿದ್ದಾರೆ ಅಂದುಕೊಂಡು ನಾನೂ ಬೆರಳು ನಡುಗಿಸಿ, ಮೇಜು ತಡಕಾಡಿ ತೋರಿಸಿದೆ. ಅಡುಗೆಮನೆಯೆಲ್ಲ ನಕ್ಕಿತು. ಶೀನಣ್ಣನೂ ನಕ್ಕರು.

ಉಳಿದವರು ಹಿಟ್ಟಿನ ಪಾತ್ರೆ ಹೊತ್ತು ಆಚೆ ಹೋದ ಮೇಲೆ ಅಂಗೈ ಚಾಚಿದರು. "ಕೈಗೇ ಕೊಡು."

"ಜಗಳ?"

"ಆಗ್ಲಿ. ಎತ್ತಲಿಕ್ಕೆ ಆಗುದಿಲ್ಲ ನಂಗೆ. ಕೈಗೆ ಬಂದ್ರೆ ಬಿಡುದಿಲ್ಲ."

ಮುಷ್ಟಿಯೊಳಗೆ ಕೂತ ಚಾಕು ಮೆಣಸನ್ನು ಸಣ್ಣಗೆ, ಒಂದೇ ಅಳತೆಗೆ ಕೊಯ್ದಿತು. "ಅಪ್ಪನಿಗೆ ಹೇಳ್ಬೇಡ," ಅಂದರು. "ಊರಿಗೆ ಕಳಿಸ್ತಾರೆ. ಅಲ್ಲಿ ನಂಗೆ ಯಾರುಂಟು?"

ಅಂದಿನಿಂದ ದಿನಾ ಆಫೀಸಿಗೆ ಹೊರಡುವ ಮೊದಲು ಚಾಕುವನ್ನು ಅವರ ಅಂಗೈಯಲ್ಲಿಟ್ಟು, ಹೆಚ್ಚಿ ಮುಗಿದ ಮೇಲೆ ತೊಳೆದುಕೊಂಡು ಹೋಗುತ್ತಿದ್ದೆ. ಎಷ್ಟು ಚೆನ್ನಾಗಿ ತೊಳೆಯುತ್ತೇನೆ ಎನ್ನುವುದಕ್ಕೆ ಜಿಗ್ನೇಶಭಾಯಿಯ ಮೂಗೇ ಸಾಕ್ಷಿ.

ಒಂದು ತಿಂಗಳಾಗಿರಬಹುದು. ಗಲ್ಲಾ ಪೆಟ್ಟಿಗೆಯ ಮುಂದೆ ಕೂತಿದ್ದ ಅಪ್ಪ ಕರೆದರು. "ಶೀನನದ್ದೊಂದು ಮಾಡು ನೋಡುವ."

ಮಾಡಿದೆ. ಮೂಗು, ಬೈರಾಸು ಎಲ್ಲ ಬಂತು. ಕೈ ಮಾತ್ರ ಗಟ್ಟಿಯಾಗಿಟ್ಟು, ಮೇಜಿನ ಮೇಲಿದ್ದ ಚಮಚವನ್ನು ಟಪಕ್ಕನೆ ಎತ್ತಿದೆ.

ಅಪ್ಪ ನಗಲಿಲ್ಲ. "ಇದು ಹಳೇ ಶೀನ," ಎಂದವರೇ ಚಮಚ ವಾಪಸ್ ಇಡಿಸಿ ಅದರ ಮೇಲೆ ತಮ್ಮ ಬೆರಳು ಜಾರಿಸಿದರು, ಒಂದು ಸಲ, ಎರಡು ಸಲ. ಜೀವಮಾನದಲ್ಲಿ ಯಾರನ್ನೂ ಅಣಕಿಸದ ಮನುಷ್ಯ ನನಗಿಂತ ಚೆನ್ನಾಗಿ ಮಾಡಿದರು. "ನಾನು ನೋಡುದಿಲ್ಲಾಂತ ನೆನೆಸಿದ್ರಾ ಇಬ್ರೂ? ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಉಳಿದದ್ದು ಬೇರೆಯವ್ರು ಹೆಚ್ಚಲಿ. ಚಟ್ನಿಯ ಮೆಣಸು ಅವನದ್ದೇ."

ಹೋಗಿ ಬಂದೆವು. ಮಾತ್ರೆ ಕೊಟ್ಟಿದ್ದಾರೆ, ಕೈ ಹಾಗೇ ಇದೆ. ನಾನು ಶೀನಣ್ಣನ ಅಣಕ ಬಿಟ್ಟುಬಿಟ್ಟೆ. ಅಪ್ಪನದು, ಗಿರಾಕಿಗಳದು ನಡೆದೇ ಇತ್ತು.

ಇವತ್ತು ಬೆಳಿಗ್ಗೆ ಚಾಕು ಅಂಗೈಗಿಟ್ಟರೆ ಶೀನಣ್ಣ ಬೆರಳು ಮುಚ್ಚದೆ ನಿಂತರು. "ಎಲ್ಲರದ್ದೂ ಮಾಡ್ತಿ. ನಂದು ಯಾಕಿಲ್ಲ? ನಾನೆಂತ ಸತ್ತಿದ್ದೇನಾ?"

ಮಾಡಿದೆ. ಬೆರಳನ್ನೂ ನಡುಗಿಸಿದೆ.

"ಛೆ, ಅಷ್ಟಿಲ್ಲ ಮಾರಾಯ," ಅಂದರು. "ಸ್ವಲ್ಪ ಕಮ್ಮಿ ಮಾಡು."