ಹರಿದ ರೊಟ್ಟಿಯ ಬುಟ್ಟಿ

ನಮ್ಮ ಅತ್ತೆ ಬಸಲಿಂಗಮ್ಮನವರ ಬಗ್ಗೆ ಬರೆಯಬೇಕೆಂದಿದ್ದೇನೆ ಅಂದಾಗ ನನ್ನ ಗಂಡ ಮಹೇಶಕುಮಾರ ಪೇಪರ್ ಕೆಳಗಿಟ್ಟು ನನ್ನ ಮುಖ ನೋಡಿದರು. "ಹೊಗಳಾಕೋ, ಬೈಯಾಕೋ?" ಅಂತ ಕೇಳಿದರು. ಎರಡಕ್ಕೂ ಅಂದೆ. ಹದಿನಾಲ್ಕು ವರ್ಷ ಒಂದೇ ಅಡುಗೆಮನೆಯಲ್ಲಿ ಬಾಳಿದ ಸೊಸೆಗೆ ಅಷ್ಟಾದರೂ ಹಕ್ಕು ಬೇಡವೇ.

ನಾವಿರುವುದು ತೆಲುಗು ನಾಡಿನ ಕಾರ್ಖಾನೆಗಳ ಬಡಾವಣೆ ಸನತ್‌ನಗರದಲ್ಲಿ. ಮಾವ ಕಲ್ಯಾಣಪ್ಪನವರು ಸಿಂದಗಿ ಕಡೆಯಿಂದ ಬಂದು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದರು, ಅಲ್ಲೇ ರಿಟೈರ್ ಆದರು. ಅತ್ತೆ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ ಮಾರಾಟಕ್ಕೆ ನೂರು ಜೋಳದ ರೊಟ್ಟಿ ಬಡಿಯುತ್ತಾರೆ. ಎಂಟು ಗಂಟೆಯ ಹೊತ್ತಿಗೆ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಮಂದಿ ಬಾಗಿಲ ಮುಂದೆ ಡಬ್ಬಿ ಹಿಡಿದು ನಿಂತಿರುತ್ತಾರೆ. "ಜೊನ್ನ ರೊಟ್ಟೆಲು ಉನ್ನಾಯಾ ಅಮ್ಮಾ" ಎಂದು ಜೋಳದ ರೊಟ್ಟಿ ಕೇಳಿಕೊಂಡು ಬರುವ ತೆಲುಗಿನವರೂ ಇರುತ್ತಾರೆ. ಅತ್ತೆಯ ರೊಟ್ಟಿ ಊಟದ ತಾಟಿನಷ್ಟು ಅಗಲ, ಅಂಚು ಎಲ್ಲೂ ಸೀಳಿರುವುದಿಲ್ಲ. ಮೂವತ್ತು ವರ್ಷದಲ್ಲಿ ಹರಿದ ರೊಟ್ಟಿ ಒಂದೂ ತಮ್ಮ ಹೊಸ್ತಿಲು ದಾಟಿಲ್ಲ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಕಿವಿ ತೂತು ಬಿದ್ದಿತ್ತು.

ಸಕ್ಕರೆ ಕಾಯಿಲೆ ಅವರಿಗೆ ಹನ್ನೊಂದು ವರ್ಷದಿಂದ ಇದೆ. ನಾನು ಊರೊಳಗಿನ ಕೋಠಿಯಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಆ ಕಾಯಿಲೆಯ ಗುಳಿಗೆಗಳನ್ನೇ ಕೊಡುತ್ತ, ಜೊತೆಗೆ ಯಾರೂ ಕೇಳದಿದ್ದರೂ ಬುದ್ಧಿಮಾತನ್ನೂ ಕೊಡುತ್ತ ಇರುವವಳು. ಮನೆಯಲ್ಲಿ ಮಾತ್ರ ನನ್ನ ಬೇಳೆ ಬೇಯುತ್ತಿರಲಿಲ್ಲ. "ದಿನಾ ಗುಳಿಗಿ ನುಂಗಾಕತ್ತೀನಿ, ಅನ್ನ ಬಿಟ್ಟೀನಿ, ಬರೇ ರೊಟ್ಟಿ ತಿಂತೀನಿ. ಇನ್ನೇನ ಮಾಡ್ಲಿ?" ಎನ್ನುತ್ತಿದ್ದರು. ರೊಟ್ಟಿಗೆ ಸಕ್ಕರೆ ಏರುವುದಿಲ್ಲ ಎಂಬ ಧೈರ್ಯದಲ್ಲಿ ಒಂದು ಹೊತ್ತಿಗೆ ನಾಲ್ಕು ತಿನ್ನುತ್ತಿದ್ದರು. ನಮ್ಮ ಕಡೆಯ ಮಂದಿ ಅರ್ಧಕ್ಕರ್ಧ ಹೀಗೇ ಕೆಡುವುದು.

ಕಳೆದ ವರ್ಷ ಯುಗಾದಿಯ ಹೊತ್ತಿಗೆ ಅವರ ಎರಡೂ ಕಣ್ಣಿನಲ್ಲಿ ಪೊರೆ ಬಲಿತಿತ್ತು. ಹಂಚಿನ ಅಂಚು ಕಾಣದೆ ಬೆರಳಿಗೆ ಬೊಬ್ಬೆ ಏಳುತ್ತಿದ್ದವು, ಅವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಕಣ್ಣಿನ ಡಾಕ್ಟರು ರಕ್ತದ ವರದಿ ನೋಡಿ ತಲೆ ಆಡಿಸಿದರು. ಸಕ್ಕರೆಯ ಮೂರು ತಿಂಗಳ ಸರಾಸರಿ ಹತ್ತೂವರೆ ಇದೆ, ಇದನ್ನು ಎಂಟರ ಕೆಳಗೆ ತನ್ನಿ, ಆಮೇಲೆ ಆಪರೇಶನ್ ಎಂದರು. ಹೀಗೇ ಬಿಟ್ಟರೆ ಸಕ್ಕರೆ ಕಣ್ಣಿನ ಒಳಪರದೆಯನ್ನೂ ತಿನ್ನುತ್ತದೆ, ಆಗ ಪೊರೆ ತೆಗೆದರೂ ದೃಷ್ಟಿ ಬರುವುದಿಲ್ಲ ಎಂದೂ ಹೇಳಿದರು.

ಆ ಆಸ್ಪತ್ರೆಯಲ್ಲಿ ಊಟದ ಬಗ್ಗೆ ಹೇಳಿಕೊಡುವ ನಳಿನಿ ಎಂಬವರಿದ್ದರು, ಉಡುಪಿ ಕಡೆಯವರು. ಮನೆಯ ರೊಟ್ಟಿ ಒಂದು ತಂದು ತೋರಿಸಿ ಎಂದರು. ಅತ್ತೆ ಹಾಲಿನಂಥ ಬಟ್ಟೆಯಲ್ಲಿ ಸುತ್ತಿ ಒಯ್ದು, ಬಹುಮಾನಕ್ಕೆ ಇಟ್ಟವರ ಹಾಗೆ ಮೇಜಿನ ಮೇಲೆ ಬಿಚ್ಚಿದರು. ನಳಿನಿ ಅದನ್ನು ತೂಗಿದರು. "ಚೆನ್ನಾಗಿದೆ ಅಮ್ಮ. ಆದ್ರೆ ಇದು ಒಂದಲ್ಲ, ಎರಡು" ಎಂದರು. ಮಧ್ಯಾಹ್ನ, ರಾತ್ರಿ ಒಂದೂವರೆ ರೊಟ್ಟಿ ಮಾತ್ರ. ಮೊದಲು ಸೌತೆಕಾಯಿ, ಮೆಂತ್ಯ ಸೊಪ್ಪು, ಮೊಳಕೆ ಕಾಳು, ಪಲ್ಯ ತಿಂದು ಆಮೇಲೆ ರೊಟ್ಟಿ. ಸಕ್ಕರೆ ಇಲ್ಲದ ಚಹಾ. ಊಟವಾದ ಮೇಲೆ ಅರ್ಧ ಗಂಟೆ ನಡಿಗೆ. ಗುಳಿಗೆ ಬಿಡುವಂತಿಲ್ಲ.

"ಒಂದೂವರಿ ರೊಟ್ಟಿ ನಮ್ಮ ಕಡೆ ಕೂಸಿಗೆ ಹಾಕ್ತಾರ" ಎಂದು ಗೊಣಗಿದರೂ ಅತ್ತೆ ಅವತ್ತೇ ಶುರು ಮಾಡಿದರು. ಇಲ್ಲಿ ಅವರನ್ನು ಮೆಚ್ಚಲೇಬೇಕು. ತಾಟಿನಲ್ಲಿ ಒಂದೂವರೆ ರೊಟ್ಟಿಗಿಂತ ಒಂದು ಚೂರು ಹೆಚ್ಚು ನಾನು ಕಾಣಲಿಲ್ಲ. ಮಾವನ ಜೊತೆ ನಡಿಗೆಗೂ ಹೊರಟರು. ಮಾವನಿಗೆ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೇ ಅಭ್ಯಾಸ. ಎರಡನೇ ದಿನ ಅತ್ತೆ ಕಲ್ಲು ಎಡವಿ ಬಿದ್ದರು. ಮಾವ ತಿರುಗಿ ಬಂದು ಎಬ್ಬಿಸಿದವರು ಕೈ ಬಿಡಲಿಲ್ಲ. ಅಂದಿನಿಂದ ಕಾರ್ಖಾನೆಗಳ ಗೋಡೆಯ ಪಕ್ಕ ಇಬ್ಬರೂ ಕೈ ಹಿಡಿದು ನಡೆಯುವುದನ್ನು ಇಡೀ ಓಣಿ ನೋಡಿ ನಕ್ಕಿತು. ಮಾವ ಯಾರಿಗೂ ಸೊಪ್ಪು ಹಾಕಲಿಲ್ಲ.

ಮೂರು ತಿಂಗಳು ಕಳೆದು ರಕ್ತ ಕೊಟ್ಟು ಬಂದೆವು. ಹತ್ತು, ಬಿಂದು ಎರಡು. ಡಾಕ್ಟರು ಮತ್ತೆ ತಲೆ ಆಡಿಸಿದರು.

ನನಗೆ ಪಿತ್ತ ನೆತ್ತಿಗೇರಿತು. ಮನೆಗೆ ಬಂದು ಬೆಲ್ಲದ ಡಬ್ಬಿ ತೆಗೆದು ನೋಡಿದೆ, ಸಜ್ಜೆಯ ಮೇಲಿನ ಉಂಡಿ ಡಬ್ಬಿ ಇಳಿಸಿ ನೋಡಿದೆ. ಮಾವ, ಗಂಡ ಇಬ್ಬರ ಎದುರಿಗೂ ಅಂದೆ: "ಕದ್ದ ತಿಂದ್ರ ಹೆಂಗ ಇಳೀತೈತ್ರಿ ಅತ್ತಿ?" ಅವರು ಮರುಮಾತಾಡದೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ನನ್ನ ಜೊತೆ ಹದಿನಾಲ್ಕು ವರ್ಷ ಮಾತಿಗೆ ಮಾತು ಕೊಟ್ಟ ಹೆಂಗಸು ಅವತ್ತು ಸುಮ್ಮನಾದದ್ದು ನನಗೆ ಹೆದರಿಕೆ ತಂದಿತು.

ಮುಂದಿನ ಭಾನುವಾರ ಅಂಗಡಿಗೆ ರಜೆ. ಎಂದೂ ಇಲ್ಲದವಳು ಬೆಳಿಗ್ಗೆ ಐದೂವರೆಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದೆ. ಅತ್ತೆ ನನಗೆ ಬೆನ್ನು ಹಾಕಿ ಕೂತಿದ್ದರು. ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವಾಗ ಅದರ ಅಂಚು ಹಂಚಿನ ಹೊರಗೆ ಬಿದ್ದು ಹರಿಯಿತು. ಬೇಯಿಸಿ ತೆಗೆದರು, ಬೆರಳಿನಿಂದ ಅಂಚು ತಡವಿ ನೋಡಿದರು, ಹರಿದದ್ದು ತಿಳಿದ ಕೂಡಲೇ ಅದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಚಟ್ನಿಯಿಲ್ಲ, ಪಲ್ಯವಿಲ್ಲ. ರುಚಿಗೆ ತಿನ್ನುವವರ ಹಾಗಿರಲಿಲ್ಲ, ಬರಿಯ ರೊಟ್ಟಿಯನ್ನು ನೀರಿನ ಜೊತೆ ನುಂಗುತ್ತಿದ್ದರು. ಹಿಟ್ಟು ಮುಗಿಯುವ ಹೊತ್ತಿಗೆ ಹಾಗೆ ಆರು ರೊಟ್ಟಿ ಹೋದವು.

ಆಗ ನನಗೆ ಎಲ್ಲ ತಿಳಿಯಿತು. ಕಣ್ಣು ಮಂಜಾದಷ್ಟೂ ರೊಟ್ಟಿ ಹರಿಯುತ್ತಿದ್ದವು. ಹರಿದದ್ದು ಯಾರ ಕಣ್ಣಿಗೂ ಬೀಳಬಾರದೆಂದು ತಿನ್ನುತ್ತಿದ್ದರು. ತಿಂದಷ್ಟೂ ಸಕ್ಕರೆ ಏರಿ ಆಪರೇಶನ್ ಮುಂದಕ್ಕೆ ಹೋಗುತ್ತಿತ್ತು, ಕಣ್ಣು ಇನ್ನಷ್ಟು ಮಂಜಾಗುತ್ತಿತ್ತು.

"ಯಾಕ್ರಿ ಅತ್ತಿ?" ಎಂದೆ. ಬೆಚ್ಚಿದರು. ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದರು: "ಹರದ ರೊಟ್ಟಿ ಮಂದಿಗೆ ಕೊಡಾಕ ಬರ್ತೈತೇನ ಶೈಲಾ? ತಿಪ್ಪಿಗಂತೂ ಒಗ್ಯಾಕ ಬರಂಗಿಲ್ಲ."

"ನನಗರ ಹೇಳಬೇಕಿತ್ತಿಲ್ರಿ."

"ಏನಂತ ಹೇಳ್ಲಿ? ಬಸಲಿಂಗವ್ವಗ ರೊಟ್ಟಿ ಬಡ್ಯಾಕ ಬರವಲ್ದು ಅಂತೇನ?"

ನಾನು ಅವರ ಪಕ್ಕ ನೆಲದ ಮೇಲೇ ಕೂತೆ. ಕದ್ದು ತಿನ್ನುತ್ತೀರಿ ಅಂದದ್ದು ತಪ್ಪಾಯಿತು ಎಂದೆ. ಅವರು ಹಿಟ್ಟಿನ ಕೈಯಿಂದಲೇ ನನ್ನ ಮೊಣಕಾಲು ತಟ್ಟಿದರು. ಕಣ್ಣು ಬೇಕೋ ಹೆಸರು ಬೇಕೋ ನೀವೇ ನೋಡಿರಿ ಎಂದು ಹೇಳಿ ಎದ್ದೆ. ಆ ದಿನವೆಲ್ಲ ಅವರು ಕಟ್ಟೆಯ ಮೇಲೆ ಕೂತೇ ಇದ್ದರು.

ಸೋಮವಾರ ಎಂಟಕ್ಕೆ ಬಾಗಿಲ ಮುಂದೆ ಮಂದಿ ಸೇರಿದರು. ಅತ್ತೆ ಎಂದಿನಂತೆ ಒಂದರ ಮೇಲೊಂದು ಪೇರಿಸಿದ ರೊಟ್ಟಿಯ ಅಟ್ಟಿ ತಂದಿಟ್ಟರು. ಮತ್ತೆ ಒಳಗೆ ಹೋಗಿ ಒಂದು ಸಣ್ಣ ಬಿದಿರಿನ ಬುಟ್ಟಿ ತಂದು ಅಟ್ಟಿಯ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಅದರಲ್ಲಿ ಏಳು ಹರಿದ ರೊಟ್ಟಿಗಳಿದ್ದವು. ಸೆರಗು ಸರಿಮಾಡಿಕೊಂಡು ಹೇಳಿದರು: "ನನಗ ಕಣ್ಣ ಸರಿ ಕಾಣವಲ್ದು. ಹಿಂಗಾಗಿ ಇವು ಹರದಾವ. ಬೇಕಾದವ್ರು ಹಂಗ ಒಯ್ರಿ, ರೊಕ್ಕ ಬ್ಯಾಡ." ಮೂವತ್ತು ವರ್ಷದ ಮಾತನ್ನು ಅವರು ಅಷ್ಟು ಜನರ ಮುಂದೆ ಹಿಂದಕ್ಕೆ ತೆಗೆದುಕೊಂಡಿದ್ದರು.

ಇಂಡಿ ಕಡೆಯ ಗುರುಶಾಂತ ಎಂಬ ಲೇತ್ ಕೆಲಸಗಾರ ಮುಂದೆ ಇದ್ದ. ಬುಟ್ಟಿಯಿಂದ ಎರಡು ತೆಗೆದು ಡಬ್ಬಿಗೆ ಹಾಕಿಕೊಂಡ. "ಆಯಿ, ನಮ್ಮವ್ವ ಅಣ್ಣಗ ಚಲೋದು, ನನಗ ಹರದದ್ದು ಹಾಕ್ತಿದ್ಲು. ಹೊಟ್ಟ್ಯಾಗ ಹೋದ ಮ್ಯಾಲ ಎಲ್ಲಾ ಒಂದ ಬಿಡ್ರಿ" ಎಂದ. ಹತ್ತು ನಿಮಿಷದಲ್ಲಿ ಬುಟ್ಟಿ ಬರಿದಾಯಿತು.

ಆಮೇಲಿನ ಮೂರು ತಿಂಗಳು ಅವರು ಬದುಕಿದ ರೀತಿಯನ್ನು ನಾನು ಅಂಗಡಿಗೆ ಬರುವ ರೋಗಿಗಳಿಗೆ ಕಥೆಯಾಗಿ ಹೇಳುತ್ತೇನೆ. ಬೆಳಗಿನ ಹಸಿವಿಗೆ ಮೊಳಕೆ ಹೆಸರುಕಾಳು, ಸೌತೆಕಾಯಿ. ಮದುವೆಯೊಂದರಲ್ಲಿ ಹೋಳಿಗೆ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು, ಬೀಗರು ಮುನಿದರೂ ತೆಗೆಯಲಿಲ್ಲ. ನಡಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಾಯಿತು. ಮೊದಲು ಮಾವನ ಕೈ ಹಿಡಿದು ಹಿಂದೆ ಬರುತ್ತಿದ್ದವರು ಈಗ ಮಾವನನ್ನೇ ಎಳೆದುಕೊಂಡು ಹೋಗುತ್ತಿದ್ದರು. "ನಿಮ್ಮತ್ತಿ ನನ್ನ ಮಂಡಿ ಕೀಳಾಕತ್ತಾಳ" ಎಂದು ಮಾವ ನನ್ನ ಹತ್ತಿರ ದೂರು ತಂದರು.

ದೀಪಾವಳಿಗೆ ಮುಂಚೆ ವರದಿ ಬಂತು. ಏಳು, ಬಿಂದು ಆರು. ನಾನು ಅಂಗಡಿಯಲ್ಲೇ ನಿಂತು ಫೋನಿನಲ್ಲಿ ನೋಡಿ ಅತ್ತುಬಿಟ್ಟೆ. ಗಿರಾಕಿಯೊಬ್ಬ ಯಾರಿಗೇನಾಯಿತಮ್ಮಾ ಎಂದು ಗಾಬರಿಯಾದ. ನಮ್ಮ ಅತ್ತೆ ಪಾಸಾದರು ಎಂದೆ.

ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಶನ್ ಆಯಿತು, ಒಳಪರದೆ ಉಳಿದಿತ್ತು. ಒಲೆಯ ಹತ್ತಿರ ಬರಬಾರದು ಎಂದಿದ್ದ ಆ ದಿನಗಳಲ್ಲಿ ರಜೆ ಹಾಕಿ ರೊಟ್ಟಿ ಬಡಿದವಳು ನಾನು. ನೂರು ನನ್ನ ಕೈಲಿ ಆಗಲಿಲ್ಲ, ನಲವತ್ತಕ್ಕೇ ಸೊಂಟ ಹಿಡಿಯಿತು. ಬುಟ್ಟಿ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಕೂತು ನನ್ನ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. "ಈಗ ಎಲ್ಲಾ ಕಾಣಾಕತ್ತೈತಿ ನೋಡ ಶೈಲಾ, ಕಾಣಬಾರದ್ದೂ ಕಾಣಾಕತ್ತೈತಿ" ಎಂದು ನಕ್ಕರು.

ಈಗ ಮತ್ತೆ ಅವರೇ ಬಡಿಯುತ್ತಾರೆ, ಒಂದೂ ಹರಿಯುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಬುಟ್ಟಿ ಅಟ್ಟಿಯ ಮುಂದೆ ಬಂದು ಕೂರುತ್ತದೆ. ತಮ್ಮ ಮಧ್ಯಾಹ್ನದ ಪಾಲಿಗೆ ಎರಡು ರೊಟ್ಟಿ ತೆಗೆದು, ಅದರಲ್ಲೊಂದನ್ನು ಸರಿಯಾಗಿ ನಡುವೆ ಮುರಿದು, ಅರ್ಧವನ್ನು ಬುಟ್ಟಿಗೆ ಹಾಕುತ್ತಾರೆ. ಮೊನ್ನೆ ಗುರುಶಾಂತ ಅದನ್ನು ಎತ್ತಿಕೊಂಡು, "ಆಯಿ, ಮತ್ತ ಹರ್ಯಾಕ ಚಾಲೂ ಆತೇನ್ರಿ?" ಎಂದು ಕೇಳಿದ.

ಅತ್ತೆ ಬೆನ್ನು ನೆಟ್ಟಗೆ ಮಾಡಿ ಅವನನ್ನು ನೋಡಿದರು. "ಅದು ಹರದದ್ದಲ್ಲಪಾ. ನನ್ನ ತಾಟಿನ ರೊಟ್ಟಿ. ನನಗ ಒಂದೂವರಿ ಸಾಕು" ಎಂದರು.