ಖಾಲಿ ಬಿಟ್ಟ ಖಾನೆ

ಗುರುಬಾಯಿ ಟೀಚರ್ ಕತ್ತರಿ ಹಿಡಿದರೆ ಕತ್ತರಿ ತಿರುಗುತ್ತಿರಲಿಲ್ಲ, ಕಾಗದ ತಿರುಗುತ್ತಿತ್ತು. ಅಮೀರ್‌ಪೇಟ್‌ನ ಗೋಡೆಗಳನ್ನೆಲ್ಲ ಕಂಪ್ಯೂಟರ್ ತರಬೇತಿಯ ಬೋರ್ಡುಗಳು ಮುಚ್ಚುತ್ತಿದ್ದ ಕಾಲ ಅದು. ಹಿಮಾಯತ್‌ನಗರದ ನಮ್ಮ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಬೀದರಿನ ಈ ನಿವೃತ್ತ ಡ್ರಾಯಿಂಗ್ ಟೀಚರ್ ಭಾನುವಾರಗಳಂದು ಮಕ್ಕಳಿಂದ ಕಿಟಕಿ ಮಾಡಿಸುತ್ತಿದ್ದರು. ಕಪ್ಪು ರಟ್ಟಿನಲ್ಲಿ ಖಾನೆ ಕೊರೆದು, ಸುಲ್ತಾನ್ ಬಜಾರಿನ ಗಾಳಿಪಟದ ಬಣ್ಣದ ಕಾಗದ ಅಂಟಿಸಿ, ಕಿಟಕಿ ಗಾಜಿಗೆ ತೂಗುಹಾಕುವುದು. ಬಿಸಿಲು ಬಿದ್ದರೆ ಅವರ ಬರಿಗೋಡೆಯ ಕೋಣೆ ಚರ್ಚಿನಂತಾಗುತ್ತಿತ್ತು. ನನ್ನ ಮಗಳು ಪಲ್ಲವಿಯ ಮೂಗು ಹಸಿರಾಗುತ್ತಿತ್ತು.

ಎಲ್ಲ ಕಿಟಕಿಗಳಲ್ಲೂ ಕೆಳಗಿನ ಸಾಲಿನ ಒಂದು ಖಾನೆಗೆ ಕಾಗದವಿಲ್ಲ. ಕೇಳಿದರೆ, "ಅದು ನೋಡಾಕ ಬರೋರಿಗೆ ಬಿಟ್ಟದ್ದರಿ" ಎನ್ನುತ್ತಿದ್ದರು, ಬಸ್ಸಿನಲ್ಲಿ ಸೀಟು ಹಿಡಿದಿಟ್ಟವರ ಹಾಗೆ.

ನಾನು ಸಾಫ್ಟ್‌ವೇರ್ ಪರೀಕ್ಷಕ. ಅನ್ಯರ ಕೆಲಸದಲ್ಲಿ ಬಿಟ್ಟುಹೋದದ್ದನ್ನು ಹುಡುಕಿಯೇ ಅನ್ನ ತಿನ್ನುವವನು. ಒಂದು ಭಾನುವಾರ ಮಗಳನ್ನು ಕರೆತರಲು ಹೋದವನು, ಟೀಚರ್ ಚಹಾ ಮಾಡುತ್ತಿದ್ದ ಹೊತ್ತು ನೋಡಿ, ಅವರ ಕಿಟಕಿಯ ಖಾಲಿ ಖಾನೆಗೆ ಕೆಂಪು ಕಾಗದ ಅಂಟಿಸಿ ಲೋಕೋಪಕಾರ ಮಾಡಿದೆ.

ಅವರು ಲೋಟ ಕೆಳಗಿಟ್ಟರು. "ಹಂಗಾರ ನನ್ನ ನೀಲಾ ಎಲ್ಲಿಂದ ನೋಡಬೇಕ್ರಿ, ಸಾಹೇಬ್ರ?"

ನೀಲಾ ಅವರ ಮಗಳೆಂದೂ ಏಳನೆಯ ವಯಸ್ಸಿನಲ್ಲಿ ಜ್ವರ ಬಂದು ತೀರಿಹೋದವಳೆಂದೂ ಆಗ ತಿಳಿಯಿತು. ಕಾಗದ ಕೀಳಲು ಕೈ ಚಾಚಿದೆ. ಗೋಂದು ಹಸಿಯಿದೆ, ರಟ್ಟೂ ಹರಿದೀತು, ಒಣಗಲಿ ಎಂದು ತಡೆದರು.

ಮುಂದಿನ ಭಾನುವಾರ ಹೋದಾಗ ಆ ಕೆಂಪಿನ ನಡುವೆ ಅಂಗೈಯಗಲ ಎಣ್ಣೆಯ ಕಲೆ. ಮಕ್ಕಳ ಕೈಯೆಂದು ತೀರ್ಪು ಕೊಡುವ ಮುನ್ನ ಚೌಕಟ್ಟನ್ನು ತಿರುವಿದೆ. ಎಣ್ಣೆ ಹತ್ತಿದ್ದು ಗಾಜಿನ ಕಡೆಯಿಂದ. ಗಾಜಿನಾಚೆ ಪಾರಿವಾಳಕ್ಕೂ ಕೂರಲು ಜಾಗವಿರಲಿಲ್ಲ.

"ಹಣಿ ಆನಿಸ್ಯಾಳ," ಎಂದರು ಟೀಚರ್. "ತಲಿಗೆ ಎಣ್ಣಿ ಭಾಳ ಹಚ್ಚತಿದ್ದೆ ನಾ." ಧ್ವನಿಯಲ್ಲಿ ಹೆದರಿಕೆ ಇರಲಿಲ್ಲ, ಮಗಳ ಮೇಲೆ ತುಸು ಗದರಿಕೆ ಇತ್ತು.

ಕಾಗದವನ್ನು ನಾನೇ ಕತ್ತರಿಸಿ ತೆಗೆದೆ. ಕತ್ತರಿ ತಿರುಗಿಸಿ ತಿರುಗಿಸಿ ಅಂಚು ಸೊಟ್ಟಗಾಯಿತು. "ಕತ್ತರಿ ತಿರುವಬ್ಯಾಡ್ರಿ, ಕಾಗದ ತಿರುವ್ರಿ," ಎಂದು ಸಮಾಧಾನವಾಗಿ ಹೇಳಿದರು.

ಟೀಚರ್ ಮರುವರ್ಷ ತೀರಿಕೊಂಡರು. ಅವರ ಕಿಟಕಿಯನ್ನು ಪಲ್ಲವಿ ಮೂರನೆಯ ಮಹಡಿಯ ನಮ್ಮ ಮನೆಗೆ ತಂದು ತೂಗುಹಾಕಿದಳು. ವಾರ ಕಳೆದ ಮೇಲೆ ಗಾಜು ಒರೆಸಲು ಹೋದೆ. ಗಾಜಿನ ಹೊರಮೈಯಲ್ಲಿ ಎರಡು ಎಣ್ಣೆ ಗುರುತು. ಕೆಳಗಿನದು ಖಾಲಿ ಖಾನೆಗೆ ನೇರವಾಗಿ. ಮೇಲಿನದು, ಗುರುಬಾಯಿಯವರ ಎತ್ತರದಲ್ಲಿ, ನೀಲಿ ಕಾಗದದ ಎದುರಿಗೆ.

ಒರೆಸಲಿಲ್ಲ. ಚೌಕಟ್ಟನ್ನು ಇಳಿಸಿ ಆ ನೀಲಿ ಖಾನೆಯ ಕಾಗದ ಕತ್ತರಿಸಿ ತೆಗೆಯತೊಡಗಿದೆ. ಈ ಸಲ ಕಾಗದವನ್ನೇ ತಿರುಗಿಸಿದೆ. ಅಂಚು ನೆಟ್ಟಗೆ ಬಂತು.