ಮಾತು ತುಂಡಾದಲ್ಲಿ ನಿಲ್ಲಬೇಕು

ಪಾತಣ್ಣನಿಗೆ ಉಸಿರು ಸಾಲುವುದಿಲ್ಲ. ಕುದಾಪುರದ ಕಾವಲಿನ ಹುಲ್ಲುಬಯಲಿನಲ್ಲಿ ಒಂದು ಕಾಲಕ್ಕೆ ಹೋರಿಗಳ ಜೊತೆ ಮೂರು ಹರದಾರಿ ಓಡುತ್ತಿದ್ದ ಈತ ಈಗ ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ. ವಯಸ್ಸು ಮೂವತ್ತೆಂಟು.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿದ್ದಾಪುರದ ಆಚೆ, ಬ್ರಹ್ಮಗಿರಿಯ ಬಂಡೆಗಳ ನಡುವೆ ಆರು ಎತ್ತುಗಳು ಹತ್ತುತ್ತಿವೆ. ಒಂದೊಂದರ ಬೆನ್ನ ಮೇಲೂ ಮರಳಿನ ಎರಡು ಚೀಲ. ಕೋಲು ಹಿಡಿದು ಮುಂದೆ ಹೋಗುತ್ತಿರುವವನು ಪಾತಣ್ಣನ ತಂಗಿ ಜುಂಜಮ್ಮನ ಗಂಡ ಮಾರಯ್ಯ. ಇನ್ನು ಎಂಟು ದಿನಕ್ಕೆ ಅವನು ಇಪ್ಪತ್ತು ಆಳು, ಅರವತ್ತು ಎತ್ತುಗಳ ಮುಂದಾಳಾಗಿ ಉತ್ತರದ ಹಿಮದ ಬೆಟ್ಟಕ್ಕೆ ಹೊರಡುತ್ತಾನೆ. ಅಲ್ಲಿರುವ ದಂಡಿಗೆ ದವಸ ಸಾಗಿಸಬೇಕು. ಅವನನ್ನು ತಯಾರು ಮಾಡುವ ಕೆಲಸ ಪಾತಣ್ಣನದು. ಹಟ್ಟಿಯಲ್ಲಿ ಆ ಬೆಟ್ಟ ಹತ್ತಿ ಬಂದವನು ಅವನೊಬ್ಬನೇ.

“ಎತ್ತಿನ ಹೆಸರು ಕೂಗ್ತಾ ನಡಿಯಲೇ. ಹೆಸರು ಅರ್ಧಕ್ಕೆ ತುಂಡಾದ್ರೆ ನಿಲ್ಲು. ಇಪ್ಪತ್ತು ಉಸಿರು ಎಣಿಸು, ಆಮೇಲೆ ಹೆಜ್ಜೆ ಹಾಕು,” ಎನ್ನುತ್ತಾನೆ ಪಾತಣ್ಣ.

“ಹಿಂಗೆ ನಿಂತ್ಕಂಡು ಹೋದ್ರೆ ದಂಡಿನೋರ ಗಡ್ಡ ಹಣ್ಣಾಗ್ತೈತೆ ಭಾವ!”

“ಆಗ್ಲಿ ಬಿಡು. ಸತ್ತ ಎತ್ತು ಮೂಟೆ ಹೊರಲ್ಲ.”

ಕಾವಲಿನಲ್ಲಿ ಹೋರಿ ಪಳಗಿಸುವ ಪದ್ಧತಿ ಇದಕ್ಕೆ ತದ್ವಿರುದ್ಧ. ಹೋರಿಯ ಮೊದಲ ಏದುಸಿರಿಗೆ ಯಾರೂ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಜನ್ಮಪೂರ್ತಿ ಸೋಮಾರಿಯಾಗುತ್ತದೆ ಎಂಬುದು ಎಲ್ಲರ ನಂಬಿಕೆ. ಬಾಯಲ್ಲಿ ನೊರೆ ಬಂದರೂ ಓಡಿಸುತ್ತಾರೆ, ಸ್ವಲ್ಪ ಹೊತ್ತಿಗೆ ಉಸಿರು ತಾನಾಗಿ ಹದಕ್ಕೆ ಬರುತ್ತದೆ. ಪಾತಣ್ಣ ಇಪ್ಪತ್ತು ವರ್ಷ ಹಾಗೆಯೇ ಪಳಗಿಸಿದ. ಬಯಲುಸೀಮೆಯಲ್ಲಿ ಅದು ಒಮ್ಮೆಯೂ ಕೈಕೊಡಲಿಲ್ಲ.

ಐದು ವರ್ಷದ ಹಿಂದೆ, 1904ರಲ್ಲಿ, ದಂಡಿಗೆ ದವಸ ಸಾಗಿಸಲು ಹೋದಾಗ, ಅದೇ ಹಿಮದ ಬೆಟ್ಟದಲ್ಲಿ ಹದಿಮೂರು ಸಾವಿರ ಅಡಿಯ ಮೇಲೆ ಅದು ಕೈಕೊಟ್ಟಿತು. ಎತ್ತುಗಳು ನಿಂತಲ್ಲೇ ಏದುಸಿರು ಬಿಟ್ಟವು. ಪಾತಣ್ಣ ಕೋಲು ಎತ್ತಿದ. ಉಸಿರು ಹದಕ್ಕೆ ಬರಲಿಲ್ಲ, ಎತ್ತುಗಳು ಮಂಡಿಯೂರಿದವು. ಆಳುಗಳಿಗೆ ತಲೆ ಸಿಡಿತ, ವಾಂತಿ. ಜಾಸ್ತಿ ಗಟ್ಟಿಗರು, ಎಲ್ಲರಿಗಿಂತ ಮುಂದೆ ಓಡಿದವರು, ಮೊದಲು ಬಿದ್ದರು. ಕೆಳಗಿನ ಠಾಣ್ಯದಲ್ಲಿ ನಾಲ್ಕು ದಿನ ತಂಗಿ ಬಂದ ಬೇರೆ ಊರಿನವರು ನಿಧಾನವಾಗಿ ಹತ್ತಿ ದಾಟಿಕೊಂಡರು. ಮೇಲೆ ಗಾಳಿ ತೆಳು, ಕಾಲಿನ ಕಸುವು ಅದನ್ನು ತುಂಬಿಕೊಡುವುದಿಲ್ಲ, ಮೈ ಒಗ್ಗುವವರೆಗೆ ಕಾಯಬೇಕು ಎಂದು ದಂಡಿನ ಡಾಕ್ಟರು ಹೇಳಿದ್ದು ಎಲ್ಲ ಮುಗಿದ ಮೇಲೆ. ಪಾತಣ್ಣನ ತಮ್ಮ ಕಾಮಣ್ಣ ಅಲ್ಲೇ ಉಳಿದ. ಚಳಿಗೆ ಹೋದ ಎಂದು ಹಟ್ಟಿಯಲ್ಲಿ ಹೇಳುತ್ತಾರೆ.

ಕೊನೆಯ ಏರಿನಲ್ಲಿ ಒಂದು ಎತ್ತು ನಿಲ್ಲುತ್ತದೆ. ಮಾರಯ್ಯ ಬೆನ್ನಿಗೆ ಬಲವಾಗಿ ಒಂದು ಹಾಕುತ್ತಾನೆ. ಎತ್ತು ಹತ್ತುತ್ತದೆ.

“ನೋಡ್ದಾ ಭಾವ? ನಿನ್ನ ಮಾತು ಕೇಳಿದ್ರೆ ಇಲ್ಲೇ ಮನೆ ಕಟ್ಟಬೇಕಿತ್ತು.”

ಬ್ರಹ್ಮಗಿರಿ ಅಷ್ಟೇನೂ ಎತ್ತರವಿಲ್ಲ. ಇಲ್ಲಿ ತಪ್ಪು ಮಾಡಿದರೂ ಎತ್ತು ಹತ್ತುತ್ತದೆ. ಪಾತಣ್ಣ ಹೇಳುವುದನ್ನು ಇಲ್ಲಿ ತೋರಿಸಿಕೊಡಲು ಬರುವುದಿಲ್ಲ.

ಜುಂಜಮ್ಮ ಅಲ್ಲಿಗೇ ಅಂಬಲಿ ತಂದಿದ್ದಾಳೆ. ಪಾತಣ್ಣ ಮುಟ್ಟುವುದಿಲ್ಲ.

“ಕಾಮಣ್ಣ ಚಳಿಗೆ ಸತ್ತಿಲ್ಲ ಕಣ್ಲೇ,” ಎನ್ನುತ್ತಾನೆ, ನಡುನಡುವೆ ಉಸಿರೆಳೆದುಕೊಳ್ಳುತ್ತ. “ಅಣ್ಣ, ಒಸಿ ಕೂರ್ತೀನಿ ಅಂದ. ಕೂತ್ರೆ ಕೆಡ್ತೀಯ, ನಡಿ ಅಂತ ರಟ್ಟೆ ಹಿಡ್ದು ಎಳ್ದೆ. ಮೂರು ಸಲ ಅಂದ. ಮೂರು ಸಲಾನೂ ಎಳ್ದೆ. ಹೋರಿ ಎಳ್ದಂಗೆ.”

ಜುಂಜಮ್ಮ ಮಡಕೆ ಕೆಳಗಿಡುತ್ತಾಳೆ. “ಚಳಿ ಅಂದಿದ್ಯಲ್ಲಣ್ಣ. ಅವ್ವ ಸಾಯಗಂಟ ಚಳೀನ ಬೈಕಂಡೇ ಇದ್ಲು.”

ಪಾತಣ್ಣ ಅವಳತ್ತ ನೋಡುವುದಿಲ್ಲ. ಮಾರಯ್ಯನ ನಗು ನಿಂತಿದೆ.

“ಕೆಳಗೆ ಎಷ್ಟು ದಿನ ತಂಗ್ಬೇಕು?” ಎಂದು ಕೇಳುತ್ತಾನೆ.

“ನಾಲ್ಕು. ತಲೆನೋವು ಬಿಡಗಂಟ ಮೇಲಕ್ಕೆ ಹೋಗ್ಬ್ಯಾಡ.”

“ದಂಡಿನೋರು ತಂಗಾಕೆ ಬಿಡ್ದಿದ್ರೆ?”

ಪಾತಣ್ಣ ಆ ಸಲದ ಲೆಕ್ಕ ಹೇಳುತ್ತಾನೆ. ಒಂದೇ ಏರು, ಎರಡು ದಿನ. ಸತ್ತ ಎತ್ತು ಇಪ್ಪತ್ತೇಳು, ಆಳು ಮೂರು.